ಸರಳೆ ವರಸೆ, ಮಧ್ಯಾಹ್ನ ಎರಡಕ್ಕೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ತಾತ್ಸಾರ. ಸಂಗೀತದಲ್ಲಿ ದೈವವಿದೆ ಎಂದು ಕಣ್ಣು ಮುಚ್ಚುವವರ ಮೇಲೆ ಅದಕ್ಕಿಂತ ಹೆಚ್ಚು. ನಾನು ಕಂಡ ಸಂಗೀತದಲ್ಲಿ ಇದ್ದದ್ದು ಬೆರಳ ತುದಿಯ ಗಾಯ ಮತ್ತು ಅಮ್ಮ.

ರಾಜಾಜಿನಗರದ ಮನೆಯಲ್ಲಿ ಏಳನೇ ವಯಸ್ಸಿಗೇ ನನ್ನನ್ನು ವೀಣೆಯ ಮುಂದೆ ಕೂರಿಸಿದರು. ಮೇಷ್ಟ್ರು ವಾರಕ್ಕೆರಡು ದಿನ. ಉಳಿದ ಐದು ದಿನ ಅಮ್ಮ. ಅವಳಿಗೆ ಒಂದು ಸ್ವರವನ್ನೂ ನುಡಿಸಲು ಬಾರದು, ತಪ್ಪು ಹಿಡಿಯಲು ಮಾತ್ರ ಬರುತ್ತಿತ್ತು. ಸರಳೆ ವರಸೆ ಎಂಬ ಮೊದಲ ಪಾಠದಲ್ಲಿ ಮೇಲಿನ 'ಸ' ಮುಟ್ಟಬೇಕಾದಲ್ಲಿ ನನ್ನ ಬೆರಳು 'ನಿ'ಯಲ್ಲೇ ನಿಂತುಬಿಡುತ್ತಿತ್ತು. ಅಮ್ಮ ಅವರೆಕಾಯಿ ಬಿಡಿಸುತ್ತಲೇ "ಮತ್ತೆ ಮೊದಲಿಂದ" ಎನ್ನುತ್ತಿದ್ದಳು. ನಾನು ಅತ್ತರೂ ಅದೇ ಮಾತು. ಹತ್ತನೇ ತರಗತಿಗೆ ಬಂದವಳೇ ಬಿಟ್ಟೆ.

ಅಮ್ಮ ತೀರಿಕೊಂಡ ಮೇಲೆ ವೀಣೆ ನನ್ನ ಕೊರಳಿಗೆ ಬಿತ್ತು. ಆರ್‌ಪಿಸಿ ಲೇಔಟ್‌ನ ಬಾಡಿಗೆ ಮನೆಯಲ್ಲಿ ಅದರ ತಂತಿ ಬಿಚ್ಚಿ, ಹಳೇ ಬೆಡ್‌ಶೀಟ್ ಸುತ್ತಿ, ಮಂಚದಡಿ ತಳ್ಳಿದ್ದೆ. ಇದ್ದದ್ದು ನಾನೊಬ್ಬಳೇ. ಬೆಳಗ್ಗೆ ಬೀಗ ಹಾಕಿ ಆಫೀಸಿಗೆ ಹೋದರೆ ಬರುವುದು ಸಂಜೆ ಏಳಕ್ಕೆ.

ಒಂದು ಭಾನುವಾರ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದರು. ರಿಟೈರ್ಡ್ ಗುಮಾಸ್ತರು; ಮಂಗಳಾರತಿಯ ಹಾಡನ್ನೂ ಗದ್ಯದಂತೆ ಓದುವ ಮನುಷ್ಯ. ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಎರಡು ಗಂಟೆಗೆ ನನ್ನ ಮನೆಯಲ್ಲಿ ಪಾಠ ಶುರುವಾಗುತ್ತದೆ ಎಂದರು.

"ವೀಣೆ ಬಗ್ಗೆ ನಂದೇನೂ ತಕರಾರಿಲ್ಲ ಮೇಡಂ. ಆದ್ರೆ ಆ ತಾಯಿ ಮಗೂನ ಅಷ್ಟು ಅಳಿಸಬಾರದು. ಸ್ವಲ್ಪ ಹೇಳಿ ಅವರಿಗೆ."

ಆ ಹೊತ್ತಿಗೆ ಮನೆಗೆ ಬೀಗ ಇರುತ್ತದೆ ಎಂದು ನಕ್ಕೆ. ಅವರು ನಗಲಿಲ್ಲ. ತಮ್ಮ ಒಡಕು ಗಂಟಲಲ್ಲಿ ಗುನುಗಿ ತೋರಿಸಿದರು. ಏಳು ಸ್ವರ ಹತ್ತಿ, ಎಂಟನೆಯದಕ್ಕೆ ಮೊದಲು ನಿಂತರು.

"ಇಲ್ಲಿಗೆ ನಿಂತ್ಹೋಗುತ್ತೆ. ಆಮೇಲೆ 'ಮತ್ತೆ ಮೊದಲಿಂದ' ಅಂತಾರೆ ಆಯಮ್ಮ."

ನಾನು ವೀಣೆ ಕಲಿತದ್ದು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳುತ್ತೇನೆ ಎಂದು ಕಳಿಸಿದೆ.

ಮರುದಿನ ರಜೆ ಹಾಕಿದೆ. ಮಂಚದಡಿಯಿಂದ ವೀಣೆ ಎಳೆದು ಬೆಡ್‌ಶೀಟ್ ಬಿಚ್ಚಿದೆ. ತಂತಿಯಿಲ್ಲದೆ ಬೋಳಾದ ವೀಣೆಯ ಮೆಟ್ಟಿಲುಗಳು, ಧೂಳು. ಎರಡು ಗಂಟೆಯಾಯಿತು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹೇಳಲು ನಾಚಿಕೆಯಾಗುತ್ತದೆ, ಆ ಖಾಲಿ ಕೋಣೆಗೆ ನಾನು ಗಟ್ಟಿಯಾಗಿಯೇ "ಸಾಕಮ್ಮ, ಬಿಡು ಅವಳನ್ನ" ಎಂದೆ. ಮೂರರವರೆಗೆ ಪೆದ್ದಿಯಂತೆ ಕೂತಿದ್ದೆ.

ಸಂಜೆ ಹಾಲು ತರಲು ಇಳಿದಾಗ ಗುಮಾಸ್ತರು ಗೇಟಿನ ಬಳಿ ನಿಂತಿದ್ದರು.

"ಹೇಳಿದ್ರಲ್ಲ, ಒಳ್ಳೇದಾಯ್ತು. ಇವತ್ತು ಮಗು ಪೂರ್ತಿ ನುಡಿಸ್ತು."

ಅಂದಿನಿಂದ ಅವರಿಗೂ ಏನೂ ಕೇಳಿಸಲಿಲ್ಲವಂತೆ. ನನ್ನ ಬಳಿ ವಿವರಣೆಯಿಲ್ಲ. ವಿವರಣೆ ಕೊಡಲು ಬರುವವರನ್ನು ಈಗಲೂ ಸಹಿಸುವುದಿಲ್ಲ. ಆದರೆ ಪೂರ್ತಿ ನುಡಿಸಿದಾಗ ಆಯಮ್ಮ ಏನಂದಳು ಎಂದು ಆವತ್ತೇ ಅವರನ್ನು ಕೇಳಬೇಕಿತ್ತು. ಕೇಳಲಿಲ್ಲ.