ನಿಂಬೆ ಹೋಳಿನ ಹೆಂಗಸು

ಸೊಂಟ ಹಿಡಿದು ಬುಟ್ಟಿ ಹೊರುವುದು ಆಗದೆ ಹೋದ ಮೇಲೆ ನಾನು ಗಾರೆ ಕೆಲಸ ಬಿಟ್ಟು ಗೋವಾದ ಮಡಗಾಂವ್ ಮಾರ್ಕೆಟ್ಟಿನ ಹೊರಗೆ ಶೇಂಗಾ, ಪುಟಾಣಿ ಮಾರಲು ಕೂತೆ. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಅದು. ಶೇಂಗಾ ಹುರಿಯುವುದು ಯಾರಿಗೂ ಬರುತ್ತದೆ. ಪೊಟ್ಟಣ ಕಟ್ಟುವುದನ್ನು ಕಲಿಯಬೇಕು. ರದ್ದಿ ಅಂಗಡಿಗೆ ಕೊಲ್ವಾ ಕಡಲತೀರದ ಹೋಟೆಲುಗಳಿಂದ ಪರದೇಶದವರು ಓದಿ ಬಿಟ್ಟುಹೋದ ಬಣ್ಣದ ಪುಸ್ತಕಗಳು ಬರುತ್ತಿದ್ದವು. ನುಣುಪು ಕಾಗದ. ಎಣ್ಣೆ ಹೀರುವುದಿಲ್ಲ, ಆದರೆ ಮಡಿಕೆ ನಿಲ್ಲುವುದಿಲ್ಲ, ಜಾರಿ ಬಿಚ್ಚಿಕೊಳ್ಳುತ್ತದೆ. ತಳದಲ್ಲಿ ಇನ್ನೊಂದು ಮಡಿಕೆ ಹಾಕಿ ಹೆಬ್ಬೆರಳಿನಿಂದ ಒತ್ತಬೇಕು. ಹಾಗೆ ಒತ್ತಿ ಒತ್ತಿ ನಾನು ಎಷ್ಟು ಚಂದದ ಹೆಂಗಸರ ಮುಖ ಮಡಚಿದ್ದೇನೋ ಲೆಕ್ಕವಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಕನ್ನಡವನ್ನೇ ಕೂಡಿಸಿ ಕೂಡಿಸಿ ಓದುತ್ತೇನೆ. ಆ ಪುಸ್ತಕಗಳಲ್ಲಿ ನನಗೆ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ.

ಒಂದು ಹಾಳೆಯನ್ನು ಮಾತ್ರ ಮೊಮ್ಮಗಳು ಮಡಚಲು ಬಿಡಲಿಲ್ಲ. ಆಗ ಅವಳಿಗೆ ಏಳು ವರ್ಷ. ಮಗಳೂ ಅಳಿಯನೂ ವಾಸ್ಕೋ ಬಂದರಿನಲ್ಲಿ ಕೂಲಿ ಮಾಡುತ್ತಿದ್ದರು. ಶಾಲೆ ತಪ್ಪಬಾರದೆಂದು ಹುಡುಗಿಯನ್ನು ಫಾತೋರ್ಡಾದಲ್ಲಿ ನನ್ನ ಹತ್ತಿರ ಬಿಟ್ಟಿದ್ದರು. ಹಾಳೆಯಲ್ಲಿ ಒಬ್ಬ ಹೆಂಗಸು ಮರಳಿನ ಮೇಲೆ ಮಲಗಿ ಒಂದು ಕಣ್ಣಿನ ಮೇಲೆ ನಿಂಬೆ ಹೋಳು ಇಟ್ಟುಕೊಂಡಿದ್ದಳು. ನಿಂಬೆ ರಸ ಕಣ್ಣಿಗೆ ಬಿದ್ದರೆ ಉರಿಯುವುದಿಲ್ಲವೇ ಎಂದು ನನ್ನ ಯೋಚನೆ. ಹುಡುಗಿಯ ಯೋಚನೆ ಬೇರೆ. "ಆಯಿ, ಈಕಿ ನನ್ನ ಬಣ್ಣದಾಕಿ ಅದಾಳ" ಎಂದಳು. ನಿಜ, ಆ ಪುಸ್ತಕಗಳಲ್ಲಿ ನಮ್ಮ ಬಣ್ಣದವರು ಅಪರೂಪ. ಅನ್ನದ ಅಂಟು ಹಚ್ಚಿ ತಗಡಿನ ಗೋಡೆಗೆ ಅಂಟಿಸಿದಳು. ಎರಡು ಮಳೆಗಾಲ ಇತ್ತು. ಆಮೇಲೆ ತೇವಕ್ಕೆ ಬೂಷ್ಟು ಹಿಡಿದು ಉದುರಿತು.

ಹುಡುಗಿ ಹತ್ತನೇ ಇಯತ್ತೆ ಪಾಸಾಗಿ ಕೊರ್ಲಿಮ್‌ನ ಒಂದು ಕಾರ್ಖಾನೆಯಲ್ಲಿ ಗುಳಿಗೆ ಡಬ್ಬಿ ತುಂಬುವ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಆರರ ಬಸ್ಸು, ಫೋಂಡಾ ಹಾದು ಹೋಗಬೇಕು. ಹತ್ತೊಂಬತ್ತು ವರ್ಷಕ್ಕೆ ಎತ್ತರವಾಗಿ ಬೆಳೆದಿದ್ದಳು. ಚಂದ ಇದ್ದಳೇ ಎಂದರೆ ಇದ್ದಳು. ಮೂಗು ಮಾತ್ರ ನನ್ನದು.

ಒಂದು ಭಾನುವಾರ ಅವಳು ನನ್ನ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದಾಗ ಹಳೆ ಸ್ಕೂಟರಿನವನೊಬ್ಬ ಪುಟಾಣಿ ಕೊಳ್ಳಲು ನಿಂತ. ಅಂಗಿಯ ಕಾಲರು ಹರಿದಿತ್ತು, ಹೆಗಲಲ್ಲಿ ಕ್ಯಾಮೆರಾ ಚೀಲ. ಮಾತು ನಮ್ಮ ಹುಬ್ಬಳ್ಳಿ ಕಡೆಯದು. ಮಾರ್ಕೆಟ್ಟಿನ ದೊಡ್ಡ ಬಟ್ಟೆ ಅಂಗಡಿಯ ಬೋರ್ಡಿಗೆ ಸೀರೆ ಉಟ್ಟ ಹುಡುಗಿಯ ಫೋಟೋ ಬೇಕು, ನಿಮ್ಮ ಮೊಮ್ಮಗಳನ್ನು ಕಳಿಸುತ್ತೀರಾ ಎಂದು ಕೇಳಿದ.

"ನಾವು ಎಷ್ಟು ಕೊಡಬೇಕಾಕೈತಿ?" ಎಂದೆ.

"ನೀವ್ಯಾಕ ಕೊಡ್ತೀರಿ ಅಜ್ಜಿ? ನಾವ ಕೊಡ್ತೀವಿ. ಒಂದಿನದ ಪಗಾರ, ಮಧ್ಯಾಹ್ನದ ಊಟ. ನೀವೂ ಬರ್ರಿ, ಅಲ್ಲೇ ಕುಂದರ್ರಿ. ಅಂಗಡಿ ಮಾಲಕರೂ ಇರ್ತಾರ. ಫೋಟೋ ಎಲ್ಲೆಲ್ಲಿ ಹಾಕ್ತೀವಿ ಅಂತ ಕಾಗದದಾಗ ಬರದು ಕೊಡ್ತೀವಿ."

"ಫೋಟೋ ತಗಸ್ಕೊಂಡಾಕಿಗೆ ಯಾರರ ರೊಕ್ಕ ಕೊಡ್ತಾರೇನೋ? ಸ್ಟುಡಿಯೋಕ್ಕ ಹೋದ್ರ ನಾವ ಕೊಡ್ತೀವಿ."

"ಅದು ನಿಮ್ಮ ಸಲುವಾಗಿ ತಗಸೂದು. ಇದು ಅಂಗಡಿ ಸಲುವಾಗಿ."

ಅವನು ಹೇಳಿದ್ದು ನೆಟ್ಟಗೇ ಇತ್ತು. ನನ್ನ ತಲೆಗೆ ಹೋಗಲಿಲ್ಲ. "ಬಿಟ್ಟಿ ರೊಕ್ಕ ಕೊಡಾಂವ ಬಂದಾನ ನೋಡು! ಹೋಗು, ನಿನ್ನ ಅಕ್ಕ ತಂಗ್ಯಾರ ಫೋಟೋ ತಗಿ" ಎಂದು ನಾಲ್ಕು ಮಂದಿ ತಿರುಗಿ ನೋಡುವ ಹಾಗೆ ಬೈದೆ. ಅವನು ಪುಟಾಣಿಯ ದುಡ್ಡು ಇಟ್ಟು, ತನ್ನ ವಿಳಾಸದ ಚೀಟಿಯನ್ನೂ ಇಟ್ಟು ಹೋದ. ಚೀಟಿ ದಪ್ಪಗಿತ್ತು. ಉಪ್ಪು ತೆಗೆಯಲು ಚಮಚ ಮಾಡಿಕೊಂಡೆ. ಹುಡುಗಿ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು.

ಎರಡು ತಿಂಗಳಾದ ಮೇಲೆ ಕಾರ್ಖಾನೆಯ ಗೆಳತಿಯೊಬ್ಬಳಿಂದ ಅವಳು ಇನ್ನೊಂದು ಕಾಗದ ತಂದಳು. ಮಾಡೆಲಿಂಗ್ ಕಲಿಸುತ್ತಾರೆ, ಮುಂಬಯಿಯಲ್ಲಿ ಜಾಹೀರಾತಿನ ಕೆಲಸ ಕೊಡಿಸುತ್ತಾರೆ ಎಂದು ಅದರಲ್ಲಿತ್ತು. ಆಫೀಸು ಮಡಗಾಂವ್‌ನಲ್ಲೇ, ಎರಡನೇ ಮಾಳಿಗೆಯಲ್ಲಿ. ಭಾನುವಾರ ಇಬ್ಬರೂ ಹೋದೆವು. ಗಾಜಿನ ಮೇಜು, ಟೆಲಿಫೋನು, ಮೇಜಿನ ಮೇಲೆ ನಾಲ್ಕು ಬಗೆಯ ರಬ್ಬರ್ ಶಿಕ್ಕಾ. ಬಾಯಿಗೆ ಬಣ್ಣ ಹಚ್ಚಿಕೊಂಡ ಒಬ್ಬ ಮೇಡಂ ಇಂಗ್ಲಿಷ್ ಬೆರೆಸಿದ ಹಿಂದಿಯಲ್ಲಿ ನನ್ನನ್ನು "ಮಾಂಜೀ" ಎಂದಳು. ಕುರ್ಚಿ ಕೊಟ್ಟಳು. ಹುಡುಗಿಯನ್ನು ಒಳಗೆ ಕರೆದು ಎತ್ತರ ಅಳೆದಳು, ಏನೇನೋ ತೋರಿಸಿದಳು. ಹೊರಗೆ ಬಂದು, ಇಂಥ ಹುಡುಗಿ ಈ ವರ್ಷ ಬಂದೇ ಇರಲಿಲ್ಲ ಎಂದಳು. ಹೆಸರು ಹಚ್ಚಲು ಇಷ್ಟು, ಫೋಟೋ ಆಲ್ಬಮ್ಮಿಗೆ ಇಷ್ಟು, ಮುಂದಿನ ಭಾನುವಾರ ಕಟ್ಟಬೇಕು. ಬುಧವಾರ ಮುಂಬಯಿಗೆ ಹೊರಡಬೇಕು. ಕಾರ್ಖಾನೆ ಬಿಟ್ಟು ಬರಬೇಕು, ಎರಡು ದೋಣಿಯಲ್ಲಿ ಕಾಲಿಡುವವರು ನಮಗೆ ಬೇಡ ಎಂದಳು. ಮುಂಬಯಿಯಲ್ಲಿ ಇಳಿದುಕೊಳ್ಳುವುದು ಎಲ್ಲಿ ಎಂದು ಕೇಳಿದೆ. ಅದು ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದಂತೆ.

ಅಷ್ಟಕ್ಕೇ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ದುಡ್ಡು ಕೇಳಿದಳು ನೋಡಿ, ಅದರಿಂದಲೇ ನನಗೆ ನಂಬಿಕೆ ಬಂತು. ಯಾಕೆಂದರೆ ನಮಗೆ ಕೊಡದೆ ಸಿಕ್ಕಿದ್ದು ಏನಿದೆ? ಕೊರ್ಲಿಮ್‌ನ ಕೆಲಸ ಹೊಂದಿಸಿ ಕೊಟ್ಟವನಿಗೆ ಮೊದಲ ತಿಂಗಳ ಪಗಾರ ಕೊಟ್ಟಿದ್ದೆವು. ರೇಷನ್ ಕಾರ್ಡಿಗೆ ಕೊಟ್ಟಿದ್ದೆವು. ಕೊಟ್ಟಾಗಲೆಲ್ಲ ಕೆಲಸವಾಗಿತ್ತು. ದುಡ್ಡು ಕೇಳಿದವನು ಗಟ್ಟಿ, ಕೇಳದವನು ಕಳ್ಳ ಎಂಬ ಲೆಕ್ಕ ನನ್ನ ತಲೆಯಲ್ಲಿ ಕೂತಿತ್ತು. ಹದಿನೈದು ವರ್ಷ ಬೆಳಗ್ಗೆ ರಸ್ತೆ ಕೂಡುವ ನಾಕಾದಲ್ಲಿ ಕೂಲಿಗೆ ನಿಂತಿದ್ದೇನೆ. ಬುಟ್ಟಿ ಹೊರಲು ಕರೆದ ಒಬ್ಬ ಮೇಸ್ತ್ರಿಯೂ ನನ್ನಿಂದ ದುಡ್ಡು ಕೇಳಿರಲಿಲ್ಲ. ನನ್ನ ದುಡಿಮೆ ಬೇಕಾದವನು ನನಗೇ ಕೊಡುತ್ತಿದ್ದ. ಅದು ಅವತ್ತು ನೆನಪಾಗಲಿಲ್ಲ. ಬುಟ್ಟಿ ಹೊರುವುದು ನಮ್ಮ ಕೆಲಸ, ಅದಕ್ಕೆ ಕೂಲಿ. ಫೋಟೋ, ಮುಂಬಯಿ ನಮಗಿಂತ ಮೇಲಿನದು, ಅದಕ್ಕೆ ನಾವೇ ಕೊಡಬೇಕು ಎಂದುಕೊಂಡಿದ್ದೆ. ಈಗ ಓಣಿಯ ಹುಡುಗಿಯರು ಇಂಥ ಕಾಗದ ತಂದು ಖರೇನೋ ಸುಳ್ಳೋ ನೋಡು ಎಂದರೆ ನಾನು ಮೊದಲು ಕೇಳುವುದು, ಕೊಡುವವರು ಯಾರು, ನೀವೋ ಅವರೋ ಎಂದು.

ಮುಂದಿನ ಭಾನುವಾರ ದುಡ್ಡನ್ನು ಎಲೆಯಡಿಕೆ ಚಂಚಿಯಲ್ಲಿ ಕಟ್ಟಿಕೊಂಡು ಹೋದೆವು. ಮೇಡಂ ಪಾವತಿ ಪುಸ್ತಕ ತೆಗೆದು ಬರೆಯಲು ಕೂತಳು. ಮೇಜಿನ ಮೇಲೆ ಆಲ್ಬಮ್ಮಿತ್ತು. ಹೋದ ವಾರ ಹುಡುಗಿಗೆ ಒಳಗೆ ತೋರಿಸಿದ್ದು, ನಾನು ನೋಡಿರಲಿಲ್ಲ. ಸುಮ್ಮನೆ ಕೂರುವುದಕ್ಕೆ ಬದಲು ತಿರುವಿದೆ. ನಾಲ್ಕನೆಯದೋ ಐದನೆಯದೋ ಹಾಳೆ. ಮರಳು. ಕಣ್ಣಿನ ಮೇಲೆ ನಿಂಬೆ ಹೋಳು.

"ಇವಳು ಯಾರು?" ಎಂದು ನನಗೆ ಬಂದ ಹಿಂದಿಯಲ್ಲಿ ಕೇಳಿದೆ.

"ನಮ್ಮ ಹುಡುಗಿ, ಮಾಂಜೀ. ಪಣಜಿಯವಳು. ಹೋದ ವರ್ಷ ನಿಮ್ಮ ಮೊಮ್ಮಗಳ ಹಾಗೆ ಇಲ್ಲೇ ಬಂದು ಕೂತಿದ್ದಳು. ಈಗ ಮುಂಬಯಿಯಲ್ಲಿದ್ದಾಳೆ."

ಪ್ಲಾಸ್ಟಿಕ್ಕಿನ ಒಳಗೆ ಬೆರಳು ಹಾಕಿದೆ. ಆ ಕಾಗದ ನನ್ನ ಹೆಬ್ಬೆರಳಿಗೆ ಗೊತ್ತು. "ಇದು ಫೋಟೋ ಅಲ್ಲ. ಪುಸ್ತಕದ ಹಾಳೆ" ಎಂದೆ.

"ಪುಸ್ತಕದಲ್ಲಿ ಬಂದದ್ದನ್ನೇ ಕತ್ತರಿಸಿ ಇಡುವುದು, ಮಾಂಜೀ. ಎಲ್ಲ ಮಾಡೆಲುಗಳೂ ಹಾಗೇ ಮಾಡುತ್ತಾರೆ."

ಆ ಮಾತು ಸುಳ್ಳಲ್ಲ. ನಿಜವಾದವರೂ ಹಾಗೆ ಇಡುತ್ತಾರೆಂದು ಆಮೇಲೆ ತಿಳಿಯಿತು. ಬೇರೆ ಯಾವ ಚಿತ್ರವಾಗಿದ್ದರೂ ನಾನು ಬಾಯಿ ಮುಚ್ಚಿ ದುಡ್ಡು ಎಣಿಸುತ್ತಿದ್ದೆ.

"ಇವಳ ವಯಸ್ಸೆಷ್ಟು?"

"ಇಪ್ಪತ್ತು."

"ಹನ್ನೆರಡು ವರ್ಷದ ಹಿಂದೆ ಇವಳು ನಮ್ಮ ಗೋಡೆಯ ಮೇಲಿದ್ದಳು. ಆಗಲೇ ಇಷ್ಟು ದೊಡ್ಡ ಹೆಂಗಸು. ನಮ್ಮ ಹುಡುಗಿ ಬೆಳೆದಳು. ಇವಳು ಚಿಕ್ಕವಳಾಗುತ್ತ ಬಂದಳೇನು?"

ಮೇಡಂ ಬರೆಯುವುದು ನಿಲ್ಲಿಸಿದಳು. ಒಳಗಿನಿಂದ ಕೋಟಿನವನೊಬ್ಬ ಬಂದು, ಒಬ್ಬರಂತೆ ಇನ್ನೊಬ್ಬರು ಇರುತ್ತಾರಮ್ಮ ಎಂದ. "ಇರಲಿ. ಪಣಜಿಯಲ್ಲಿ ಇವಳ ತಾಯಿ ಇದ್ದಾಳಲ್ಲ, ಮನೆ ಹೇಳಿ. ಬಸ್ಸಿದೆ, ಹೋಗಿ ಮಾತಾಡಿಸಿ ಬಂದು ದುಡ್ಡು ಕಟ್ಟುತ್ತೇನೆ" ಎಂದೆ. ಮನೆಯ ವಿಳಾಸ ಹಾಗೆಲ್ಲ ಕೊಡುವುದಿಲ್ಲ, ಕಟ್ಟುವುದಾದರೆ ಕಟ್ಟಿ, ಇಲ್ಲವಾದರೆ ಹೊರಡಿ, ಹಿಂದೆ ಬಹಳ ಹುಡುಗಿಯರಿದ್ದಾರೆ ಎಂದ. ಬಾಗಿಲ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಚಂಚಿ ಸೊಂಟಕ್ಕೆ ಸಿಕ್ಕಿಸಿ ಎದ್ದೆ. ಹುಡುಗಿ ಏಳಲಿಲ್ಲ. ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಅವಳು ಬಾಯಿ ಬಿಟ್ಟಳು.

"ಆಯಿ, ಆಕಿನ್ನ ನಾ ಹೋದ ವಾರನ ನೋಡಿದ್ದೆ."

"ಗುರ್ತು ಸಿಗಲಿಲ್ಲೇನು?"

"ಸಿಕ್ತು."

"ಮತ್ತ ಬಾಯಿಗೆ ಏನು ಬಡದಿತ್ತು?"

"ಹೇಳಿದ್ರ ನೀ ಕಳಸ್ತಿದ್ದಿಲ್ಲ."

ನಾನು ನಿಂತೆ. ಹಿಂದಿನಿಂದ ಸೈಕಲ್ಲಿನವನು ಗಂಟೆ ಬಾರಿಸಿ ಬೈದು ಹೋದ. ನನಗೆ ಗೊತ್ತಿಲ್ಲದೆ ನಾನು ಮೋಸ ಹೋಗುತ್ತಿದ್ದೆ. ಅವಳು ಗೊತ್ತಿದ್ದೂ ಹೊರಟಿದ್ದಳು. ಏನಾದರೂ ಒಂದು ನಿಜ ಇರಬಹುದು, ಚಿತ್ರ ಮಾತ್ರ ಸುಳ್ಳಿರಬಹುದು ಎಂದುಕೊಂಡಿದ್ದಳಂತೆ.

"ಇನ್ನೊಂದು ಮಾತೈತಿ" ಎಂದಳು. "ನಿನ್ನೆ ಸುಪರ್ವೈಜರ್ ಕೈಯಾಗ ಚೀಟಿ ಕೊಟ್ಟ ಬಂದೇನಿ. ಕೆಲಸ ಬಿಡ್ತೇನಿ ಅಂತ."

ದೊಡ್ಡವಳಾದ ಮೇಲೆ ಅವಳ ಮೇಲೆ ಕೈ ಎತ್ತಿರಲಿಲ್ಲ. ಅವತ್ತೂ ಎತ್ತಲಿಲ್ಲ, ಆದರೆ ಕೈ ತುರಿಸಿತು. ಎರಡು ವರ್ಷ ಆರರ ಬಸ್ಸು ಹಿಡಿದ ಕೆಲಸ ಅದು. ಇನ್ನೆರಡು ತಿಂಗಳಲ್ಲಿ ಕಾಯಂ ಆಗುವುದಿತ್ತು. ವಾಸ್ಕೋದಲ್ಲಿ ಅಪ್ಪ ಅವ್ವನ ಹತ್ತಿರವಿದ್ದ ಅವಳ ತಮ್ಮಂದಿರ ಶಾಲೆ ಅದರ ಮೇಲೆ ನಡೆಯುತ್ತಿತ್ತು.

ಮಾರ್ಕೆಟ್ಟಿನ ಕಡೆ ನಡೆದೆವು. ಬಟ್ಟೆ ಅಂಗಡಿಯ ಮೇಲೆ ಹೊಸ ಬೋರ್ಡು ಹಾಕಿದ್ದರು. ಹಸಿರು ಸೀರೆ ಉಟ್ಟ ಯಾವಳೋ ಹುಡುಗಿ, ಆಳೆತ್ತರದ ಫೋಟೋ. ಇಬ್ಬರೂ ತಲೆ ಎತ್ತಿ ನೋಡಿದೆವು.

"ತಪ್ಪು ನಂದ ಐತಿ. ಆ ಸ್ಕೂಟರಿನಾಂವ ಖರೇ ಮನಷ್ಯಾ ಇದ್ದ" ಎಂದೆ.

ಅವಳು ಬೋರ್ಡಿನ ಕಡೆ ಬೆರಳು ಮಾಡಿದಳು. "ನೆರಗಿ ಸೊಟ್ಟ ಉಟ್ಟಾಳ" ಎಂದಳು.

ಸೋಮವಾರ ನಾನೂ ಆರರ ಬಸ್ಸು ಹತ್ತಿದೆ. ಕೊರ್ಲಿಮ್‌ನಲ್ಲಿ ಇಳಿದಾಗ ಏಳೂವರೆ. ಚೀಟಿ ತಿರುಗಿ ಕೇಳುವಾಗ ಸುಪರ್ವೈಜರ್ ಮುಂದೆ ಏನು ಹೇಳಲಿ ಎಂದು ಹುಡುಗಿ ಕೇಳಿದಳು. ಖರೇ ಹೇಳು, ತಿಳಿಗೇಡಿತನ ಮಾಡಿದೆ ಅನ್ನು, ಅಳಬೇಡ ಎಂದೆ. ಅವಳು ಒಳಗೆ ಹೋದಳು. ನಾನು ಗೇಟಿನ ಎದುರಿನ ಕಲ್ಲಿನ ಮೇಲೆ ಕೂತೆ. ವಾಚ್‌ಮನ್ ವಿಜಾಪುರ ಕಡೆಯವನು.

"ಯಾರಿಗೆ ಕಾಯಾಕತ್ತೀರಿ ಯವ್ವಾ?"

"ಯಾರೂ ಹೊರಗ ಬರಬಾರದು ಅಂತ ಕಾಯಾಕತ್ತೇನಿ."

ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. "ಹಂಗಾದ್ರ ಎಂಟರ ಭೋಂಗಾ ಆಗೂತನಾ ಕುಂದರ್ರಿ" ಎಂದ. "ಬ್ಯಾಡ ಅಂದ್ರ ಅಷ್ಟೊತ್ತಿಗೆ ಹೊರಗ ಹಾಕ್ತಾರ. ಭೋಂಗಾ ಆದಮ್ಯಾಲ ಗೇಟ್ ಹಾಕ್ತೇನಿ, ಊಟದ ಹೊತ್ತಿನ ತನಕಾ ಯಾರನ್ನೂ ಬಿಡಾಂಗಿಲ್ಲ."

ಹುಡುಗಿಯರು ಗುಂಪು ಗುಂಪಾಗಿ ಒಳಗೆ ಹೋದರು. ಎಂಟಕ್ಕೆ ಐದು ನಿಮಿಷವಿದ್ದಾಗ ಒಬ್ಬಳು ಓಡಿಕೊಂಡು ಹೊರಗೆ ಬಂದಳು. ನಾನು ಎದ್ದು ನಿಂತುಬಿಟ್ಟೆ. ಅವಳು ಬೇರೆ ಯಾರೋ. ಬಸ್ಸಿನಿಂದ ಇಳಿಯುತ್ತಿದ್ದ ಗೆಳತಿಯ ಕೈಯಿಂದ ಊಟದ ಡಬ್ಬಿ ಇಸಿದುಕೊಂಡು, "ಲಗೂ ಬಾ, ಲಗೂ ಬಾ" ಎಂದು ಅವಳನ್ನೂ ಎಳೆದುಕೊಂಡು ಒಳಗೆ ಹೋದಳು.

ಕಾರ್ಖಾನೆಯ ಭೋಂಗಾ ಕೂಗಿತು. ವಾಚ್‌ಮನ್ ಗೇಟು ಎಳೆದು ಚಿಲಕ ಹಾಕಿದ. ನನ್ನ ಕಡೆ ನೋಡಿ, "ಹೋಗ್ರಿ ಇನ್ನ ಮನಿಗೆ" ಎಂದ. ನಾನು ಹೋಗಲಿಲ್ಲ. ಅರ್ಧ ತಾಸು ಕೂತೆ. ಒಳಗಿಂದ ಮಶೀನಿನ ಸದ್ದು ಬರುತ್ತಿತ್ತು, ಯಾರೂ ಬರಲಿಲ್ಲ. ಆಮೇಲೆ ರಸ್ತೆ ದಾಟಿ ಫೋಂಡಾ ಕಡೆಯ ಬಸ್ಸಿಗೆ ಕೈ ಮಾಡಿದೆ.