ತಳದ ಬೇಳೆ

ಸೌಟು ಎತ್ತುವಾಗ ಅವರ ಎಡಗೈ ಬಂದು ಬಲ ಮೊಣಕೈಗೆ ಆನಿಕೊಳ್ಳುತ್ತಿತ್ತು. ದೊಡ್ಡವರಿಗೆ ಏನಾದರೂ ಕೊಡುವಾಗ ಬಲಗೈಗೆ ಎಡಗೈ ತಾಗಿಸುತ್ತೇವಲ್ಲ, ಹಾಗೆ. ಮಕ್ಕಳ ತಟ್ಟೆಗೂ ಇಷ್ಟು ಮರ್ಯಾದೆಯಿಂದ ಬಡಿಸುತ್ತಾರಲ್ಲ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ. ನನ್ನ ಬುದ್ಧಿವಂತಿಕೆ ಅಷ್ಟು.

ವಿದ್ಯಾರಣ್ಯಪುರಂನ ನಮ್ಮ ಪ್ರೌಢಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವರು ಅವರು. ಎಲ್ಲರಿಗೂ ಅಡುಗೆ ಅಮ್ಮ. ಬೆಳಿಗ್ಗೆ ಬೆಟ್ಟದ ದೇವಿಯ ಕಡೆ ತಿರುಗಿ ಕೈಮುಗಿದು ಆಮೇಲೇ ಒಲೆ ಹಚ್ಚುವರು. ಪ್ರಾರ್ಥನೆಗೆ ತಡವಾದ ಮಕ್ಕಳು ಅಡುಗೆ ಕೋಣೆಯ ಹಿಂದಿನಿಂದ ನುಸುಳಿದರೆ ಕಂಡೂ ಕಾಣದವರಂತೆ ಅಕ್ಕಿ ಆರಿಸುತ್ತ ಕೂರುವರು. ಊಟದ ಹೊತ್ತಿಗೆ ನಾನು ಪ್ರಕಟಣೆ ಓದುತ್ತ ನಿಂತರೆ ಮಾತ್ರ ಬಿಡುತ್ತಿರಲಿಲ್ಲ. “ಅಸ್ದಿರೋ ಮಕ್ಳ ಮುಂದೆ ಪುರಾಣ ಬ್ಯಾಡಿ ಮೇಡಂ, ಅನ್ನ ಆರೋಯ್ತದೆ” ಎನ್ನುವರು. ನಾನು ಚೀಟಿ ಮಡಚಿ ಬದಿಗೆ ಸರಿಯುತ್ತಿದ್ದೆ.

ನಾನಾಗ ಹೊಸ ಸಮಾಜ ವಿಜ್ಞಾನ ಶಿಕ್ಷಕಿ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಹುಟ್ಟಾ ಪುಕ್ಕಲು ಬೇರೆ. ಮನೆಗೆ ಬೀಗ ಹಾಕಿ, ಬಸ್ ಸ್ಟಾಪಿನಿಂದ ಎರಡು ಸಲ ವಾಪಸ್ ಹೋಗಿ ಅದನ್ನು ಜಗ್ಗಿ ನೋಡುವ ಪೈಕಿ. ಅಂಥವಳ ತಲೆಗೆ ಮುಖ್ಯೋಪಾಧ್ಯಾಯರು ಶಾಲಾ ಸಂಸತ್ತು ಕಟ್ಟುವ ಕೆಲಸ ಕಟ್ಟಿದರು. ಚುನಾವಣೆ ಆಯಿತು, ಪ್ರಮಾಣವಚನ ಆಯಿತು. “ಹೆದರದೆ ಮಾತಾಡಿ” ಎಂದು ಮಕ್ಕಳಿಗೆ ಭಾಷಣವನ್ನೂ ಬಿಗಿದೆ. ಯಾರು ಯಾರಿಗೆ ಹೇಳಬೇಕೋ! ಅವರೇನೋ ಹೆದರಲಿಲ್ಲ. ಊಟದ ಸಾಲಿನಲ್ಲಿ ಅದುವರೆಗೆ ಎಂಟನೇ ತರಗತಿಯವರು ಮೊದಲು ನಿಲ್ಲುತ್ತಿದ್ದರು. ಇನ್ನು ಮೇಲೆ ಹತ್ತನೆಯವರು ಮೊದಲು ಎಂದು ಮೊದಲ ಸಭೆಯಲ್ಲೇ ನಿರ್ಣಯ ಮಾಡಿದರು. ಮಂತ್ರಿಗಳಲ್ಲಿ ಮುಕ್ಕಾಲು ಪಾಲು ಹತ್ತನೆಯವರೇ ಇದ್ದರಲ್ಲ. ಆಗಲಿ ಬಿಡು, ಅಂದುಕೊಂಡೆ.

ಎರಡನೇ ಸಭೆಯಲ್ಲಿ ಆಹಾರ ಮಂತ್ರಿ, ಹತ್ತನೆಯ ಹುಡುಗಿ, ಎದ್ದು ನಿಂತು ಓದಿದಳು: ಸಾರು ಬರೀ ನೀರು, ಬೇಳೆ ಕಾಣುವುದಿಲ್ಲ, ಅಡುಗೆಯವರನ್ನು ಬದಲಾಯಿಸಬೇಕು. ಸುಮಾರು ಎಲ್ಲರೂ ಕೈ ಎತ್ತಿದರು. ನಡಾವಳಿ ಪುಸ್ತಕ ಬರೆಯುವವಳು ನಾನು. ಬರೆದೆ. ಮುಖ್ಯೋಪಾಧ್ಯಾಯರು ಅದನ್ನು ಓದಿ ಖುಷಿಪಟ್ಟರು.

“ಒಳ್ಳೇದೇ ಆಯ್ತಲ್ರೀ. ಸೋಮವಾರದ ಸಭೇಲಿ ಖಾಯಂ ಮಾಡ್ಸಿ, ಇಲಾಖೆಗೆ ಕಳ್ಸೋಣ. ನಮ್ಮ ಸಂಸತ್ತು ಕೆಲ್ಸ ಮಾಡ್ತಿದೆ ಅಂತ ಅವ್ರಿಗೂ ಗೊತ್ತಾಗ್ಲಿ.”

ಮಕ್ಕಳಿಗೆ ಬಾಯಿ ಕೊಟ್ಟವಳು ನಾನು; ಅವರ ಮೊದಲ ಮಾತೇ ಶಾಲೆಯಲ್ಲಿ ಎಲ್ಲರಿಗಿಂತ ಕೆಳಗಿರುವವರ ಅನ್ನಕ್ಕೆ ಕಲ್ಲು ಹಾಕಲು ಹೊರಟಿತ್ತು. ಶನಿವಾರ ಮಧ್ಯಾಹ್ನ ಶಾಲೆ ಖಾಲಿಯಾದ ಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು, ಆ ಪುಟವನ್ನು ಅಂಚಿನಿಂದ ಹರಿಯತೊಡಗಿದೆ. ಒಂದಿಂಚು ಹರಿದಿರಬೇಕು, ಉಗ್ರಾಣದ ಬೀಗದಕೈ ಕೊಡಲು ಅಡುಗೆ ಅಮ್ಮ ಒಳಗೆ ಬಂದರು.

“ಅದ್ರಲ್ಲಿ ನನ್ ಇಸ್ಯ ಅದಂತಲ್ಲ. ವಸಿ ಓದಿ ಮೇಡಂ.”

ಓದಿದೆ.

“ದಿಟ್ವೇ ಕಣ್ ಮೇಡಂ. ಮಕ್ಳು ಸುಳ್ ಏಳಿಲ್ಲ.”

“ಈ ಪುಟ ಹರಿದುಬಿಡ್ತೀನಿ ಅಮ್ಮ. ಬರೆದಿದ್ದು ತಪ್ಪಾಗಿತ್ತು ಅಂತೀನಿ.”

“ಅರೀಬ್ಯಾಡಿ. ಈಗಿನ್ನೂ ಬಾಯ್ ಬುಟ್ಟವ್ರೆ. ಇದ್ನ ಅರುದ್ಬುಟ್ರೆ ಇನ್ಯಾವತ್ತೂ ಬಾಯ್ ಬುಡಾಕಿಲ್ಲ. ಸೋಮ್ವಾರ ನಾನೇ ಬತ್ತೀನಿ, ನನ್ನೇ ಕೇಳ್ಲಿ.”

“ಕೆಲಸ ಹೋದ್ರೆ?”

ಅವರು ಸೆರಗಿನಿಂದ ಬೀಗದಕೈ ಒರೆಸಿ ಮೇಜಿನ ಮೇಲಿಟ್ಟರು. “ಮನೇಲಿ ನಾನು, ಮೊಮ್ಮಗಳು, ಇಬ್ರೇಯ. ಭಯ ಆಯ್ತದೆ ಮೇಡಂ, ಆಗಾಕಿಲ್ಲ ಅಂದ್ರೆ ಸುಳ್ಳಾಯ್ತದೆ. ಆದ್ರೂ ಅರೀಬ್ಯಾಡಿ.”

ಭಾನುವಾರ ನನಗೆ ಅನ್ನ ಸೇರಲಿಲ್ಲ. ಸೋಮವಾರ ಅವರು ಒಗೆದ ಸೀರೆ ಉಟ್ಟು ಬಂದು ತರಗತಿಯ ಬಾಗಿಲಲ್ಲಿ ನಿಂತರು. ಕೂರಿ ಎಂದರೆ ಕೂರಲಿಲ್ಲ. ಮುಖ್ಯೋಪಾಧ್ಯಾಯರು ಹಿಂದಿನ ಬೆಂಚಿನಲ್ಲಿದ್ದರು.

“ಸಾರು ನೀರೇ ಕಣ್ರಪ್ಪ” ಎಂದರು ಅಮ್ಮ. “ನೀರು ಮೇಲೆ ನಿಲ್ತದೆ, ಬೇಳೆ ತಳಕ್ಕೆ ಓಯ್ತದೆ. ಮೊದ್ಲು ಬಂದೋರ್ಗೆ ನೀರು, ಕೊನೇಗೆ ಬಂದೋರ್ಗೆ ಬೇಳೆ. ಮುಂಚೆ ತಳ ಮುಟ್ಟಿ ಕಲಕ್ತಿದ್ದೆ. ವರ್ಸದಿಂದ ಈ ಬಲಗಡೆ ಭುಜ ಏಳಾಕಿಲ್ಲ.”

ಮೊಣಕೈಗೆ ಆನುತ್ತಿದ್ದ ಆ ಎಡಗೈ ನನಗೆ ಆಗ ಅರ್ಥವಾಯಿತು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಎಂಟನೇ ತರಗತಿಯ ಪ್ರತಿನಿಧಿ ಹುಡುಗಿ ಮೆಲ್ಲಗೆ ಹೇಳಿದಳು, “ಮುಂಚೆ ನಾವು ಮೊದಲು ನಿಲ್ತಿದ್ದಾಗ ದಿನಾ ಆ ನೀರು ಸಾರನ್ನೇ ಉಣ್ತಿದ್ವಿ.”

ಆಹಾರ ಮಂತ್ರಿಯ ಕಿವಿ ಕೆಂಪಾಗಿತ್ತು. “ಭುಜದ್ದು ಯಾಕಮ್ಮ ಮುಂಚೆ ಹೇಳ್ಲಿಲ್ಲ?” ಎಂದಳು.

“ಏಳುದ್ರೆ ಕೆಲ್ಸ ಓಯ್ತದಲ್ಲವ್ವ” ಎಂದವರು ನನ್ನ ಕಡೆ ತಿರುಗಿದರು. “ಬರ್ಕಳಿ ಮೇಡಂ. ಭುಜದ್ದೂ ಬರ್ಕಳಿ.”

ಒಂದು ಮಾತೂ ಬಿಡದೆ ಬರೆದೆ. ಮಕ್ಕಳು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿಕೊಂಡರು. ಕೊನೆಗೆ ಆಹಾರ ಮಂತ್ರಿ ಎದ್ದು ಹೇಳಿ ಬರೆಸಿದಳು: ಅಡುಗೆ ಅಮ್ಮನೇ ಇರಬೇಕು. ಕಲಕಲು ಇನ್ನೊಬ್ಬರನ್ನು ಕೊಡಬೇಕು. ಅವರು ಬರುವವರೆಗೆ ಹತ್ತನೇ ತರಗತಿಯವರೇ ಊಟಕ್ಕೆ ಮೊದಲು ನಿಲ್ಲುವುದು.

ಮುಖ್ಯೋಪಾಧ್ಯಾಯರು ಪುಸ್ತಕವನ್ನು ಎರಡು ಸಲ ಓದಿದರು. ಆಮೇಲೆ ಸಹಿ ಹಾಕಿದರು.

ಸಹಾಯಕಿ ಬರುವ ಹೊತ್ತಿಗೆ ದಸರಾ ರಜೆ ಕಳೆದಿತ್ತು. ಅಲ್ಲಿಯವರೆಗೆ ಹತ್ತನೆಯವರು ಮೊದಲು ನಿಂತು, ಮುಖ ಸಿಂಡರಿಸುತ್ತಲೇ, ನೀರು ಸಾರು ಉಂಡರು. ಅಮ್ಮ ವಯಸ್ಸಾಗಿ ಕೆಲಸ ಬಿಡುವವರೆಗೂ ನಮ್ಮಲ್ಲೇ ಇದ್ದರು. ಕಳೆದ ಆಷಾಢದಲ್ಲಿ ತೀರಿಕೊಂಡರು. ಮೊಮ್ಮಗಳು ಫೋನ್ ಮಾಡಿದಾಗ ನಾನು ಹೊಸ ಸಂಸತ್ತಿನ ಮಕ್ಕಳ ಹೆಸರು ಬರೆಯುತ್ತ ಕೂತಿದ್ದೆ.

ಈಗಲೂ ಪ್ರತಿ ವರ್ಷ ಹೊಸ ಮಂತ್ರಿಗಳ ಕೈಗೆ ಮೊದಲು ಆ ಹಳೆಯ ಪುಸ್ತಕ ಕೊಡುತ್ತೇನೆ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, “ಈ ಪುಟ ಯಾಕೆ ಮಿಸ್ ಇಷ್ಟು ಹರಿದಿದೆ?” ನನಗೆ ಇವತ್ತಿಗೂ ಹೆದರಿಕೆಯೇ. ಆದರೂ ಹೇಳುತ್ತೇನೆ: “ನಾನೇ ಹರಿಯೋಕೆ ಹೋಗಿದ್ದೆ. ಅಡುಗೆ ಅಮ್ಮ ಬಿಡಲಿಲ್ಲ.”