ಗೂಟದ ಅಂಗಿ

ಅಮೆರಿಕದ ಈರಿ ಸರೋವರದ ದಂಡೆಯ ಒಂದು ಊರಿನ ಬೇಸ್‌ಬಾಲ್ ತಂಡ ಸಾವಿರದ ಒಂಬೈನೂರ ಐವತ್ತೆರಡನೆಯ ಇಸವಿಯಲ್ಲಿ ಸೋತು ಸೋತು ತಳ ಸೇರಿದಾಗಲೂ, ಬ್ಯಾಟುಗಾರನ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ಚೆಂಡು ಹಿಡಿಯುವ ಮುದುಕ ಡ್ರಾಬೆಕ್ ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಬರುತ್ತಿದ್ದನು. ಮುದುಕನೆಂದರೆ ಮೂವತ್ತೆಂಟು ವರ್ಷ; ಆಟಗಾರನಿಗೆ ಅದೇ ಮುಪ್ಪು. ಬೆರಳುಗಳು ಶುಂಠಿಯ ಕೊಂಬಿನಂತೆ ಸೊಟ್ಟಗಾಗಿದ್ದವು. ತನ್ನ ಮಂಡಿಗಳ ಲಟಲಟ ಸದ್ದಿಗೇ ಎದುರಾಳಿಗಳು ಬೆಚ್ಚುತ್ತಾರೆಂದು ಹೇಳಿಕೊಳ್ಳುವನು. "ಏನಜ್ಜಾ, ಇನ್ನೂ ಇದ್ದೀಯಾ?" ಎಂದು ಜನ ಕೂಗಿದರೆ, "ನನ್ನ ಬಿಟ್ರೆ ಇಷ್ಟು ಚೆನ್ನಾಗಿ ಸೋಲೋರು ಯಾರಪ್ಪಾ ಸಿಗ್ತಾರೆ?" ಎನ್ನುವನು. ಆದರೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಅವನು ದಿನವೂ ನಿಂತು ಗೋಡೆಯ ಗೂಟಗಳಲ್ಲಿ ಉಳಿದ ಅಂಗಿಗಳನ್ನು ಎಣಿಸುತ್ತಿದ್ದನು. ತಂಡದಿಂದ ಯಾರನ್ನಾದರೂ ಕೈಬಿಟ್ಟರೆ ಬಾಯಿಬಿಟ್ಟು ಹೇಳುವ ಪದ್ಧತಿ ಅಲ್ಲಿರಲಿಲ್ಲ. ಆ ಆಟಗಾರ ಬರುವ ಮುನ್ನ ಗೂಟದಿಂದ ಅವನ ಆಟದ ಅಂಗಿಯನ್ನು ತೆಗೆದುಬಿಡುತ್ತಿದ್ದರು, ಅಷ್ಟೇ. ಜೂನ್‌ನಿಂದ ಒಂದೊಂದೇ ಗೂಟ ಬರಿದಾಗುತ್ತ ಬಂದಿತ್ತು. ಆಗಸ್ಟ್‌ನ ಒಂದು ಬೆಳಗ್ಗೆ, ತಂಡದ ಬಟ್ಟೆಬರೆ ನೋಡಿಕೊಳ್ಳುವ ಎಮೆಟ್ ಎಂಬುವನು ಡ್ರಾಬೆಕ್‌ನ ಖಾಲಿ ಗೂಟದೆದುರು ನಿಂತು, "ನಿನ್ನಂಗಿ ಎಲ್ಲಯ್ಯಾ? ವಾರದಿಂದ ಒಗೆಯೋಕೇ ಹಾಕಿಲ್ಲ" ಎಂದನು. ಆ ಸೆಕೆಯಲ್ಲೂ ಕೊರಳವರೆಗೆ ಗುಂಡಿ ಹಾಕಿದ್ದ ಕೋಟನ್ನು ಡ್ರಾಬೆಕ್ ಬಿಚ್ಚಿದನು. ಒಳಗೆ, ಬೆವರಿಗೆ ಹಳದಿಯಾದ ಅಂಗಿ ಮೈಗಂಟಿತ್ತು. "ಮನೇಗೂ ಇದ್ರಲ್ಲೇ ಹೋಗ್ತೀನಿ ಕಣೋ, ಮಲಗೋದೂ ಇದ್ರಲ್ಲೇ" ಎಂದು ನಕ್ಕನು. ಎಮೆಟ್ ನಗಲಿಲ್ಲ. ತಂಡದ ಯಜಮಾನರ ಕೋಣೆಯಿಂದ ಆಗತಾನೇ ಬಂದಿದ್ದ ಅವನು ಕೈಚಾಚಿ, "ಕೊಡಪ್ಪಾ, ಒಗೆದು ತರ್ತೀನಿ" ಎಂದನು. ಕಣ್ಣು ಮಾತ್ರ ನೆಲದ ಮೇಲಿತ್ತು. ಡ್ರಾಬೆಕ್ ಸೊಟ್ಟ ಬೆರಳುಗಳಿಂದ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಮತ್ತೆ ಹಾಕಿಕೊಳ್ಳತೊಡಗಿದನು.